ಮಡಿಕೇರಿಯಿಂದ ಕತ್ತಿ ತರೋರಿಗೆ ಒಂದೆರಡು ಮಾತು

ನಮ್ಮ ಕಡೆಯಿಂದ ಕೊಡಗಿಗೆ ಟೂರ್ ಹೋಗಿ ಬಂದವರ ಮನೆಗೆ ಹೋದ್ರೆ ಈಗ ಮೂರು ಸಾಮಾನು ಕಾಣ್ತವೆ. ಕಾಫಿ ಪುಡಿ, ಜೇನು ಬಾಟ್ಲು, ಟಿವಿ ಪಕ್ಕದಲ್ಲಿ ಒಂದು ಕತ್ತಿ. ಕಾಫಿ ಪುಡಿ ಹದಿನೈದು ದಿನಕ್ಕೆ ಖಾಲಿ. ಜೇನು ಮಕ್ಕಳ ಪಾಲು. ಕತ್ತಿ ಮಾತ್ರ ಉಳೀತದೆ. ಅದು ಅಲ್ಲೇ ಟಿವಿ ಪಕ್ಕ ಇದ್ರೆ ಯಾರ ತಕರಾರೂ ಇಲ್ಲ. ಆದ್ರೆ ನಾವು ರೈತರು. ಕಬ್ಬಿಣದ ಬಾಯಿ ಕಂಡ್ರೆ ಏನಾದ್ರೂ ಕಡಿದು ನೋಡೋ ಕೈ ನಮ್ದು. ತೊಂದರೆ ಶುರುವಾಗೋದು ಅಲ್ಲಿಂದ.

ದಸರಾ ರಜ ಹತ್ರ ಬರ್ತಾ ಇದೆ. ಟಿಟಿ ಗಾಡಿ ಬುಕ್ ಮಾಡ್ಕೊಂಡು ಹೊರಡೋರು ಬೇಕಾದಷ್ಟು ಜನ ಇದ್ದಾರೆ. ನಮ್ಮ ರಾಮನಗರ, ಚನ್ನಪಟ್ಟಣದ ಮೇಲೆ ಹೋಗೋ 275ನೇ ಹೆದ್ದಾರಿಯೇ ಮೈಸೂರು, ಹುಣಸೂರು, ಕುಶಾಲನಗರ ದಾಟಿ ಮಡಿಕೇರಿ ಮುಟ್ಟೋದು, ಹಂಗಾಗಿ ಅದು ನಮಗೆ ದೂರದ ಊರು ಅನ್ನಿಸಲ್ಲ. ಹೋಗೋಕೆ ಮುಂಚೆ ಇಬ್ಬರು ಮೂರು ಜನ ನನ್ನ ಕೇಳಿದ್ರು, "ಅಣ್ಣಾ, ಅಲ್ಲಿಂದ ಒಡಿಕತ್ತಿ ತಂದ್ರೆ ಮಾವಿನ ಕೊಂಬೆ ಸವರೋಕೆ ಆಗ್ತದಾ? ತೆಂಗಿನ ಗರಿ ಕಡೀಬಹುದಾ?" ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತಾ ಇದ್ದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನೆನಪಿಗೆ ಬೇಕು ಅಂದ್ರೆ ತನ್ನಿ, ಗೋಡೆಗೆ ಹಾಕಿ, ಅಲ್ಲಿಂದ ಇಳಿಸಬೇಡಿ. ಕೆಲಸಕ್ಕೆ ಬೇಕು ಅಂದ್ರೆ ಟೂರಿಸ್ಟ್ ಅಂಗಡಿ ಬಾಗಿಲು ತುಳಿಯಬೇಡಿ. ಒಂದೇ ಕತ್ತಿ ಎರಡಕ್ಕೂ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮೊದಲು ಯಾವುದು ಏನು ಅಂತ ತಿಳ್ಕೊಳ್ಳಿ. ಕೊಡವರಲ್ಲಿ ಎರಡು ಕತ್ತಿ ಇವೆ. ಪೀಚೆಕತ್ತಿ ಚಿಕ್ಕದು. ಕುಪ್ಯ ಹಾಕಿ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ ಸುತ್ತಿ, ಮುಂದುಗಡೆ ಸಿಕ್ಕಿಸೋದು ಅದನ್ನ. ಒರೆಗೆ ಬೆಳ್ಳಿ ಕಟ್ಟಿರ್ತಾರೆ, ಅನುಕೂಲ ಇದ್ದವರು ಚಿನ್ನವನ್ನೂ ಹಾಕಿಸ್ತಾರೆ, ಬೆಳ್ಳಿ ಸರಪಣಿ ಇಳಿಬಿಟ್ಟಿರ್ತದೆ. ಅದು ಒಡವೆ ಲೆಕ್ಕ. ಒಡಿಕತ್ತಿ ಬೇರೆ. ದಪ್ಪ, ಅಗಲ, ತೂಕದ ಅಲಗು, ಮುಂದಕ್ಕೆ ಹೋಗ್ತಾ ಅಗಲ ಆಗ್ತಾ ಬಾಗಿರ್ತದೆ. ಬೆನ್ನ ಹಿಂದೆ ತೊಡಂಗ್ ಅನ್ನೋ ಲೋಹದ ಹಿಡಿಕೆಯಲ್ಲಿ ಸಿಕ್ಕಿಸ್ತಾರೆ, ಒರೆ ಇಲ್ಲ. ಕಾಡು ಸವರೋಕೂ ಅದೇ, ಹಿಂದಿನ ಕಾಲದಲ್ಲಿ ಯುದ್ಧಕ್ಕೂ ಅದೇ. ಈಗಲೂ ಮದುವೆಯಲ್ಲಿ ಬಾಳೆ ದಿಂಡು ನಿಲ್ಲಿಸಿ ಒಡಿಕತ್ತಿಯಲ್ಲಿ ಕಡೀತಾರೆ. ನೋಡೋಕೆ ಸೊಗಸು. ಒಂದೇ ಏಟಿಗೆ ದಿಂಡು ಉರುಳಬೇಕು, ಉರುಳದಿದ್ರೆ ಸುತ್ತ ನಿಂತೋರು ಸುಮ್ನೆ ಬಿಡ್ತಾರಾ?

ಸೆಪ್ಟೆಂಬರ್ ಶುರುವಲ್ಲಿ ಅವರಿಗೆ ಕೈಲ್ ಪೊಳ್ದ್ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ ಕೋವಿ, ಕತ್ತಿ ಎಲ್ಲಾ ತೊಳೆದು ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡ್ತಾರೆ, ಜೊತೆಗೆ ಬೇಸಾಯದ ಸಾಮಾನಿಗೂ. ನಾವು ಆಯುಧಪೂಜೆಗೆ ನೇಗಿಲು, ಮಚ್ಚು, ಟ್ರ್ಯಾಕ್ಟರ್‌ಗೆ ಕುಂಕುಮ ಇಡ್ತೀವಲ್ಲ, ಅದೇ ಭಾವನೆ. ಅದಕ್ಕೇ ಹೇಳೋದು, ಅದನ್ನ ತಂದು ಹುಡುಗರ ಕೈಗೆ ಕೊಟ್ಟು ಮಾರಿಹಬ್ಬದಲ್ಲಿ ಬೀಸಿಸೋದು ಸರಿ ಅಲ್ಲ. ನಮ್ಮ ವೀರಗಾಸೆಯವರ ಕತ್ತಿ ಯಾರೋ ಕೊಂಡೊಯ್ದು ಹುಟ್ಟುಹಬ್ಬದ ಕೇಕ್ ಕತ್ತರಿಸಿದ್ರೆ ನಮಗೆ ಹೆಂಗಾಗ್ತದೆ?

ಈಗ ಅಂಗಡಿ ವಿಷಯಕ್ಕೆ ಬರೋಣ. ಟೂರಿಸ್ಟ್ ಅಂಗಡಿಯಲ್ಲಿ ಸಿಗೋ ಬಹಳಷ್ಟು ಕತ್ತಿಗಳು ಆಕಾರಕ್ಕೆ ಮಾತ್ರ ಕತ್ತಿ. ಮೆದು ಕಬ್ಬಿಣದ ತಗಡು ಕತ್ತರಿಸಿ, ಗ್ರೈಂಡರ್ ಕೊಟ್ಟು, ಪಾಲಿಷ್ ಹೊಡೆದಿರ್ತಾರೆ. ಇಲ್ಲಾಂದ್ರೆ ಚಮಚ ಮಾಡೋ ಜಾತಿ ಸ್ಟೀಲು. ಎರಡಕ್ಕೂ ಹದ ಕೂರಲ್ಲ. ಕಬ್ಬಿಣಕ್ಕೆ ಹದ ಬರಬೇಕಾದ್ರೆ ಅದರೊಳಗೆ ಇಂಗಾಲ ಬೇಕು. ಕಿಟಕಿ ಸರಳು ಮಾಡೋ ಮೆದು ಕಬ್ಬಿಣದಲ್ಲಿ ಅದು ತೀರಾ ಕಡಿಮೆ. ಲಾರಿ ಕಮಾನು ಪಟ್ಟಿಯಲ್ಲಿ ನೂರಕ್ಕೆ ಅರ್ಧ ಭಾಗದಿಂದ ಮೇಲೆ ಇರ್ತದೆ. ಕೇಳೋಕೆ ಚಿಟಿಕೆ ಅನ್ನಿಸ್ತದೆ, ಆದ್ರೆ ಕಾಯಿಸಿ ನೀರಿಗೆ ಅದ್ದಿದಾಗ ಗಟ್ಟಿಯಾಗೋದು ಆ ಚಿಟಿಕೆಯಿಂದಲೇ. ನಮ್ಮ ಆಚಾರ್ರು ಹಳೇ ಕಮಾನು ಪಟ್ಟಿ ಹುಡುಕಿಕೊಂಡು ಗುಜರಿಗೆ ಹೋಗ್ತಿದ್ದದ್ದು ಇದಕ್ಕೇ.

ಪರೀಕ್ಷೆ ಮಾಡೋಕೆ ಕಷ್ಟ ಏನಿಲ್ಲ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಂಡು ಹೋಗಿ, ಹಾಳಾದ ಸ್ಪೀಕರಿಂದ ಕಿತ್ತದ್ದಾದ್ರೂ ಆಗ್ತದೆ. ಅಲಗಿಗೆ ಅಂಟದಿದ್ರೆ ಅದು ಚಮಚದ ಸ್ಟೀಲು, ಅದಕ್ಕೆ ಜನ್ಮದಲ್ಲಿ ಹದ ಬರಲ್ಲ. ಅಂಟಿತು ಅಂದ್ಕೊಳ್ಳಿ, ಆಗ ಅರ ಬೇಕು. ಬಾಯಿ ಹತ್ರ ಮೆಲ್ಲಗೆ ಒಂದು ಸಲ ಎಳೀರಿ. ಅರ ಕಚ್ಚಿಕೊಂಡು ಪುಡಿ ಉದುರಿದ್ರೆ ಬಾಯಿ ಮೆದು, ಜಾರಿಕೊಂಡು ಹೋದ್ರೆ ಗಟ್ಟಿ. ಅಂಗಡಿಯವರು ಅರ ಹಾಕೋಕೆ ಬಿಡಲ್ಲ ಅಂದ್ರೆ ಅದೇ ಉತ್ತರ ಅಂತ ತಿಳ್ಕೊಳ್ಳಿ. ಆಮೇಲೆ ಹಿಡಿ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅನ್ನೋದೇ ಎಲ್ಲಕ್ಕಿಂತ ಮುಖ್ಯ. ಶೋಪೀಸ್ ಕತ್ತಿಯಲ್ಲಿ ಎರಡು ಬೆರಳಷ್ಟು ಹೋಗಿರ್ತದೆ, ಗಮ್ ಹಾಕಿ ನಿಲ್ಲಿಸಿರ್ತಾರೆ, ಹೊರಗಡೆ ಹಿತ್ತಾಳೆ ಬಳೆ ತೊಡಿಸಿ ಮುಚ್ಚಿರ್ತಾರೆ. ಕೆಲಸದ ಕತ್ತಿಯಲ್ಲಿ ಬಾಲ ಹಿಡಿಯ ಆ ತುದಿವರೆಗೂ ಹೋಗಿ ಅಲ್ಲಿ ಬಡಿದು ಮಡಿಸಿರ್ತಾರೆ, ಇಲ್ಲಾ ರಿವಿಟ್ ಹೊಡೆದಿರ್ತಾರೆ.

ಇದು ಬಾಯಿಮಾತಿಗೆ ಹೇಳ್ತಿಲ್ಲ. ನಮ್ಮ ಅಣ್ಣನ ಮಗ ಹೋದ ವರ್ಷ ಅಂಥದ್ದೊಂದು ತಂದಿದ್ದ. ಎರಡು ತಿಂಗಳು ಗೋಡೆ ಮೇಲಿತ್ತು. ಒಂದಿನ ಎಳೆ ತೆಂಗಿನ ಗಿಡದ ಒಣ ಗರಿ ಕಡಿಯೋಕೆ ಹೋದ. ಮೊದಲನೇ ಏಟಿಗೆ ಏನೂ ಆಗ್ಲಿಲ್ಲ, ಮೂರನೇ ಏಟಿಗೆ ಅಲಗು ಹಿಡಿಯಿಂದ ಕಳಚಿಕೊಂಡು ಹಾರಿಹೋಯ್ತು. ಗರಿ ಆರಿಸ್ತಾ ಇದ್ದ ನಮ್ಮ ಅತ್ತಿಗೆ ಕಾಲಿಂದ ಒಂದು ಮೊಳ ದೂರದಲ್ಲಿ ಬಿತ್ತು. ಬಗ್ಗಿದ್ದವರು ಎದ್ದು ನಿಂತು ಒಂದು ಮಾತೂ ಆಡಲಿಲ್ಲ, ಅವನ ಕೈಲಿದ್ದ ಹಿಡಿ ಕಿತ್ತುಕೊಂಡು ಒಲೆಗೆ ಹಾಕಿದ್ರು. ಒಡಿಕತ್ತಿಯಂಥ ಮುಂದಲೆ ಭಾರದ ಅಲಗು ಹಿಡಿ ಬಿಟ್ಟರೆ ಅಡಿಗೆಮನೆ ಚಾಕು ಬಿಟ್ಟಂಗಲ್ಲ.

ನಿಜವಾದ ಒಡಿಕತ್ತಿ ಆಕಾರದಲ್ಲಿ ಒಂದು ಬುದ್ಧಿ ಇದೆ, ಅದನ್ನೂ ಹೇಳ್ಬೇಕು. ಬಾಯಿ ಇರೋದು ಬಾಗಿದ ಒಳಮಗ್ಗುಲಲ್ಲಿ, ನಮ್ಮ ಕುಡುಗೋಲಿನ ಥರ. ನೇರ ಮಚ್ಚಲ್ಲಿ ಓರೆಯಾಗಿ ಹೊಡೆದ್ರೆ ಕೊಂಬೆ ಜಾರ್ತದೆ. ಒಳಬಾಗಿನ ಬಾಯಲ್ಲಿ ಕೊಂಬೆ ಅಲಗಿನ ಹೊಟ್ಟೆಗೆ ಬಂದು ಕೂರ್ತದೆ, ಜಾರೋಕೆ ಜಾಗ ಇಲ್ಲ, ಕೈ ಹಿಂದಕ್ಕೆ ಬರುವಾಗ ಕೊಯ್ದುಕೊಂಡೇ ಬರ್ತದೆ. ತೂಕ ಮುಂದೆ ಇರೋದ್ರಿಂದ ಅರ್ಧ ಕೆಲಸ ತೂಕವೇ ಮಾಡ್ತದೆ, ಭುಜ ನೋಯಲ್ಲ. ನೇಪಾಳದವರ ಖುಕ್ರಿಯಲ್ಲೂ ಇದೇ ಲೆಕ್ಕ. ಹಿಪ್ಪುನೇರಳೆ ಕಡ್ಡಿ ಕೊಯ್ಯೋರಿಗೆ ಇದು ಚೆನ್ನಾಗಿ ಗೊತ್ತಿರ್ತದೆ. ಬಾಯಿ ಮೊಂಡಾದ ಕುಡುಗೋಲಲ್ಲಿ ಎಳೆದ್ರೆ ಕಡ್ಡಿ ಸೀಳಿ ಸಿಪ್ಪೆ ಕಿತ್ತು ಬರ್ತದೆ, ಆ ಬುಡದಲ್ಲಿ ನೀರು ನಿಂತು ಕೊಳೀತದೆ, ಮುಂದಿನ ಬೆಳೆಗೆ ಚಿಗುರು ಕಮ್ಮಿ. ಆಮೇಲೆ ಸೊಪ್ಪು ಸಾಲಲಿಲ್ಲ, ಗೂಡು ತೂಕ ಬರಲಿಲ್ಲ ಅಂತ ರಾಮನಗರ ಮಾರ್ಕೆಟ್ಟಲ್ಲಿ ತಲೆ ಮೇಲೆ ಕೈ ಹೊತ್ತು ಕೂರೋದು.

ಹಂಗಾದ್ರೆ ಕೊಡಗಿಂದ ಏನೂ ತರಬಾರದಾ? ತನ್ನಿ. ಆದ್ರೆ ಅಲ್ಲಿನ ರೈತರು, ತೋಟದ ಆಳುಗಳು ಎಲ್ಲಿ ತಗೋತಾರೋ ಅಲ್ಲಿ ತಗೊಳ್ಳಿ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದಲ್ಲಿ ನೆರಳು ಮರದ ಕೊಂಬೆ ಸವರ್ತಾರಲ್ಲ, ಮರಗಸಿ ಅಂತಾರೆ, ಆ ಕೆಲಸದೋರು ಕೋಟೆ ಹತ್ರದ ಗಿಫ್ಟ್ ಅಂಗಡಿಯಿಂದ ಕತ್ತಿ ತಗೊಳ್ಳಲ್ಲ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ ಇರ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಅಲ್ಲಿ ಕತ್ತಿ ಕಪ್ಪಗಿರ್ತದೆ, ಸುತ್ತಿಗೆ ಗುರುತು ಕಾಣ್ತದೆ, ಹಿಡಿ ಒರಟಾಗಿರ್ತದೆ, ಫೋಟೋಗೆ ಚೆನ್ನಾಗಿರಲ್ಲ. ಅದೇ ನಿಮಗೆ ಬೇಕಾದ್ದು. ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿಕೊಳ್ಳೋ ಕತ್ತಿಕೊಕ್ಕೆ ಸಿಕ್ಕಿದ್ರೆ ಅದನ್ನೂ ತನ್ನಿ. ಮಲೆನಾಡೋರು ಅದನ್ನ ಕಟ್ಕೊಂಡು ಎರಡೂ ಕೈ ಖಾಲಿ ಇಟ್ಕೊಂಡು ಮರ ಹತ್ತುತ್ತಾರೆ. ನಮ್ಮೋರು ಈಗಲೂ ಮಚ್ಚನ್ನ ಬಾಯಲ್ಲಿ ಕಚ್ಚಿಕೊಂಡು, ಇಲ್ಲಾ ಪಂಚೆಗೆ ಸಿಕ್ಕಿಸಿಕೊಂಡು ತೆಂಗಿನಮರ ಹತ್ತೋದು ನೋಡಿದ್ರೆ ನನಗೆ ಮೈ ಜುಂ ಅಂತದೆ.

ನಿಜವಾದ ಪೀಚೆಕತ್ತಿಯೇ ಬೇಕು ಅನ್ನೋರು ಅದನ್ನ ಮಾಡೋ ಕುಶಲಕರ್ಮಿ ಹತ್ರ ಹೋಗಿ, ಬೆಳ್ಳಿ ತೂಕ, ಕೂಲಿ ಕೇಳಿ, ಅವರು ಹೇಳಿದ ಬೆಲೆ ಕೊಟ್ಟು ತಗೊಳ್ಳಿ. ಚೌಕಾಸಿ ಮಾಡಬೇಡಿ. ಈ ಮಾತು ಚನ್ನಪಟ್ಟಣದೋರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಗೊಂಬೆಗೆ 2005-06ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ. ಆಲೆಮರದ ತುಂಡು, ಅರಗು, ಗಿಡಮೂಲಿಕೆ ಬಣ್ಣ, ಕೈಯಲ್ಲಿ ಕಡೆದದ್ದು. ಪಕ್ಕದಲ್ಲೇ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಗೊಂಬೆ ಇಟ್ಟು, ಅದನ್ನೂ ಚನ್ನಪಟ್ಟಣದ್ದೇ ಅಂತ ಮಾರ್ತಾರೆ. ಕಾರಲ್ಲಿ ಬಂದೋರು ಚೆನ್ನಾಗಿ ಹೊಳೆಯೋದನ್ನ ಕಮ್ಮಿ ರೇಟಿಗೆ ತಗೊಂಡು ಹೋಗ್ತಾರೆ. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲಂತೂ ಬಹಳಷ್ಟು ಗಾಡಿ ಊರೊಳಗೆ ಬರೋದೇ ಇಲ್ಲ. ಆ ಹೊಟ್ಟೆಯುರಿ ಗೊತ್ತಿರೋ ನಾವೇ ಮಡಿಕೇರಿಗೆ ಹೋಗಿ ಅಲ್ಲಿನ ಕಮ್ಮಾರನ ಕತ್ತಿ ಬಿಟ್ಟು ತಗಡಿನ ಕತ್ತಿ ಕೊಂಡ್ರೆ ಏನು ಹೇಳೋದು.

ಕಾನೂನು ವಿಷಯ ಬಹಳ ಜನ ಕೇಳೋದೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೆಳಗೆ 2016ರ ನಿಯಮ ಇದೆ. ಅದರ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿಗಳು ಸೇರ್ತವೆ, ಖುಕ್ರಿ ಹೆಸರಂತೂ ಅದರಲ್ಲಿ ಬಿಡಿಸಿಯೇ ಬರೆದಿದೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದನ್ನ ಹೊರಗಿಟ್ಟಿದ್ದಾರೆ. ಅಂದ್ರೆ ನಿಮ್ಮ ಕುಡುಗೋಲು, ಎಳನೀರು ಮಚ್ಚು ಬೇಸಾಯದ ಸಾಮಾನು. ಅಗಲದ ಅಲಗಿನ ಒಡಿಕತ್ತಿ ಶೋಪೀಸನ್ನ ಬೇಸಾಯದ್ದು ಅಂತ ಪೊಲೀಸರ ಮುಂದೆ ವಾದ ಮಾಡೋದು ಕಷ್ಟ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅದು ಅವರಿಗೆ. ಅಲ್ಲಿಗೆ ಟೂರ್ ಹೋದೋರಿಗೆ ಅಲ್ಲ.

ಹುಡುಗರಿಗೆ ಒಂದು ಮಾತು ಜೋರಾಗಿ ಹೇಳಿ. 2025ರ ಮಾರ್ಚಲ್ಲಿ ಬೆಂಗಳೂರಲ್ಲಿ ಟಿವಿ ಶೋನಲ್ಲಿ ಬಂದಿದ್ದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಇದೇ ಕಾಯ್ದೆಯಲ್ಲಿ ಪೊಲೀಸರ ಕೈಗೆ ಸಿಕ್ಕಿದ್ರು. ಅಂಥವರನ್ನೇ ಬಿಡಲಿಲ್ಲ, ಹಳ್ಳಿ ಹುಡುಗನ್ನ ಬಿಡ್ತಾರಾ? ಲಾಂಗು, ಮಚ್ಚು ಅಂದ್ರೆ ಸಿನಿಮಾ ನೆನಪಾಗೋ ಕಾಲ ಬಂದುಬಿಟ್ಟಿದೆ, ನಮಗೆ ಅದು ಎಳನೀರು ಕೆತ್ತೋ ಸಾಮಾನು. ತರುವಾಗ ಗೋಣಿಚೀಲ ಸುತ್ತಿ, ದಾರ ಕಟ್ಟಿ, ಡಿಕ್ಕಿಯಲ್ಲಿ ಸಾಮಾನಿನ ಕೆಳಗಿಡಿ. ಬಿಲ್ ಇಸ್ಕೊಳ್ಳಿ. ಬಸ್ಸಲ್ಲಿ ಸೀಟಿನ ಮೇಲೆ ಇಟ್ಕೊಂಡು ಬರಬೇಡಿ.

ಇಷ್ಟೆಲ್ಲಾ ಹೇಳಿದ್ದು ಅಲ್ಲಿಂದ ತರೋ ಕತ್ತಿ ಬಗ್ಗೆ. ನನಗೆ ಅದಕ್ಕಿಂತ ಹೆಚ್ಚು ಸಂಕಟ ಇರೋದು ಇಲ್ಲಿನ ಕುಲುಮೆ ಬಗ್ಗೆ. ನಾನು ಸ್ಕೂಲಿಗೆ ಹೋಗ್ತಿದ್ದಾಗ ನಮ್ಮ ಸುತ್ತಮುತ್ತ ಮೂರು ಕುಲುಮೆ ಉರೀತಿದ್ವು. ವರ್ಷಕ್ಕೊಂದು ಸಲ ಕಣದಲ್ಲಿ ಆಚಾರ್ರಿಗೆ ರಾಗಿ ಅಳೆದು ಕೊಡ್ತಿದ್ದೆವು, ವರ್ಷಪೂರ್ತಿ ಕುಳ, ಕುಡುಗೋಲು, ಗುದ್ದಲಿ ಅವರ ಜವಾಬ್ದಾರಿ. ಈಗ ಉಳಿದಿರೋದು ಒಂದು. ಅದೂ ರಾಗಿ ಕೊಯ್ಲಿಗೆ ಮುಂಚೆ ಒಂದು ತಿಂಗಳು, ಆಯುಧಪೂಜೆ ಹಿಂದೆಮುಂದೆ ಒಂದು ವಾರ. ಆಚಾರಣ್ಣನ ಮಗ ಬಿಡದಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನೆ, ಸಮ್ಮಟಿ ಹೊಡೆಯೋಕೆ ಭಾನುವಾರ ಮಾತ್ರ ಸಿಗ್ತಾನೆ. 2023ರ ಸೆಪ್ಟೆಂಬರಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆ ಬಂತು. 18 ಕಸುಬು ಸೇರಿಸಿದ್ದಾರೆ, ಕಮ್ಮಾರರೂ ಇದ್ದಾರೆ, ಗೊಂಬೆ ಮಾಡೋರೂ ಇದ್ದಾರೆ. ಸಾಮಾನಿಗೆ 15,000 ರೂಪಾಯಿ, ಮೊದಲ ಕಂತಲ್ಲಿ ಒಂದು ಲಕ್ಷದವರೆಗೆ ಶೇ. 5 ಬಡ್ಡಿಗೆ ಸಾಲ. ಒಳ್ಳೇದೇ. ಆದ್ರೆ ಸುತ್ತಿಗೆ ಕೊಟ್ಟರೆ ಕುಲುಮೆ ಉರಿಯಲ್ಲ, ಕೆಲಸ ಕೊಡಬೇಕು. ಕೆಲಸ ಕೊಡೋರು ನಾವು, ನಾವು ಹಾರ್ಡ್‌ವೇರ್ ಅಂಗಡಿಯ ಒತ್ತಿದ ಕುಡುಗೋಲು ತರ್ತೀವಿ, ಎರಡು ಕೊಯ್ಲಿಗೆ ಬಿಸಾಕ್ತೀವಿ.

ಮೊನ್ನೆ ಅವರ ಹತ್ರ ಕೂತು ಒಂದು ಮಾವು ಸವರೋ ಕತ್ತಿ ಮಾಡಿಸಿದೆ. ಲಾರಿ ಕಮಾನು ಪಟ್ಟಿ ನಾನೇ ಗುಜರಿಯಿಂದ ತಗೊಂಡು ಹೋಗಿದ್ದೆ. ಬಾಗು ಎಷ್ಟಿರಬೇಕು ಅಂತ ನೆಲದ ಮೇಲೆ ಇದ್ದಲಲ್ಲಿ ಗೀಚಿ ತೋರಿಸಿದ್ರು, ನನ್ನ ಮೊಣಕೈಯಿಂದ ಬೆರಳಿನವರೆಗೆ ಅಳೆದು ಉದ್ದ ಹಿಡಿದ್ರು. ಅಂಗಡಿ ಕತ್ತಿ ಎಲ್ಲಾ ಕೈಗೂ ಒಂದೇ ಅಳತೆ, ಇದು ನನ್ನ ಕೈಗೆ. ಬಾಯಿ ಮಾತ್ರ ಕೆಂಪಗೆ ಕಾಯಿಸಿ ಅದ್ದಿ, ಮತ್ತೆ ಬೂದಿ ಉಜ್ಜಿ ಹೊಳಪು ಬರಿಸಿ, ಬೆನ್ನಿನ ಕಾವು ಬಾಯಿಗೆ ಹರಿದು ಒಣ ಹುಲ್ಲಿನ ಬಣ್ಣ ಬಂದ ಕೂಡ್ಲೆ ಇನ್ನೊಂದು ಸಲ ತಣಿಸಿದ್ರು. ಬೆನ್ನು ಮೆದು, ಬಾಯಿ ಗಟ್ಟಿ. ಬೆನ್ನೂ ಗಟ್ಟಿಯಾದ್ರೆ ಗಂಟಿಗೆ ಬಿದ್ದಾಗ ಪಟ್ಟಂತ ಮುರೀತದೆ. ಹಿಡಿ ಜಾಲಿ ಮರದ್ದು, ಬಾಲ ಕಾಯಿಸಿ ಅರಗು ತುಂಬಿ ಇಳಿಸಿದ್ದಾರೆ, ತುದಿಯಲ್ಲಿ ಬಡಿದಿದ್ದಾರೆ. ಅಪ್ಪ ಮಗ ಸೇರಿ ಅರ್ಧ ದಿನದ ಕೆಲಸ. ಅವರು ಹೇಳಿದ್ದು ಕೊಟ್ಟೆ. ಈ ಸಲ ಮಾವಿನ ಕಾಯಿ ಇಳಿಸಿದ ಮೇಲೆ ಮೂವತ್ತು ಮರ ಸವರಿದ್ದೀನಿ, ಹಿಡಿ ಅಲ್ಲಾಡಿಲ್ಲ.

ಮಸೆಯೋದು ಹೇಳಿ ಮುಗಿಸ್ತೀನಿ, ಯಾಕಂದ್ರೆ ಒಳ್ಳೆ ಕತ್ತಿ ಕೆಡೋದು ಇಲ್ಲೇ. ಒಳಬಾಗಿನ ಬಾಯನ್ನ ಚಪ್ಪಟೆ ಕಲ್ಲಿನ ಮೇಲೆ ಉಜ್ಜಿದ್ರೆ ತುದಿ, ಬುಡ ಮಾತ್ರ ಸವೀತದೆ, ಹೊಟ್ಟೆ ಮೊಂಡಾಗೇ ಉಳೀತದೆ. ಕತ್ತಿಯನ್ನ ಮೊಣಕಾಲ ಕೆಳಗೆ ಒತ್ತಿ ಹಿಡಿದು ಗುಂಡಗಿನ ಸಣ್ಣ ಸಾಣೆಕಲ್ಲನ್ನ ಬಾಯಿ ಉದ್ದಕ್ಕೂ ಆಡಿಸಿ, ನೀರು ಹಾಕ್ತಾ ಇರಿ. ವೆಲ್ಡಿಂಗ್ ಅಂಗಡಿಗೆ ಕೊಟ್ಟು ಕಟಿಂಗ್ ಮಿಷಿನ್ ಹಿಡಿಸಬೇಡಿ. ಕಿಡಿ ಚೆಂದ ಹಾರ್ತದೆ, ಬಾಯಿ ನೀಲಿ ತಿರುಗ್ತದೆ, ನೀಲಿ ತಿರುಗಿದ ಕಡೆ ಹದ ಇಳಿದುಹೋಯ್ತು ಅಂತಲೇ ಲೆಕ್ಕ. ಮಾವಿನ ಸೊನೆ, ಹಲಸಿನ ಅಂಟು ಅವತ್ತೇ ತೊಳೆದು ಒರೆಸಿ ಒಂದು ತೊಟ್ಟು ಹೊಂಗೆ ಎಣ್ಣೆ ಸವರಿ.

ನಮ್ಮ ಆಚಾರಣ್ಣ ಆಯುಧಪೂಜೆಗೆ ಹತ್ತು ದಿನ ಮುಂಚೆ ಕುಲುಮೆ ಹಚ್ತಾರೆ. ಹತ್ತು ಜನ ಒಟ್ಟಿಗೆ ಕೆಲಸ ತಂದ್ರೆ ಒಂದೇ ಇದ್ದಲಲ್ಲಿ ಎಲ್ಲಾ ಆಗ್ತದೆ, ಅವರಿಗೂ ಗಿಟ್ತದೆ. ಕಮಾನು ಪಟ್ಟಿ ನೀವೇ ತನ್ನಿ, ಬಿರುಕು ಬಿಟ್ಟದ್ದು ಬೇಡ. ಮಾಗಡಿ ಕಡೆ, ಕನಕಪುರ ಕಡೆ ಯಾವ ಊರಲ್ಲಿ ಇನ್ನೂ ಕುಲುಮೆ ಉರೀತಾ ಇದೆ ಅಂತ ಗೊತ್ತಿರೋರು ಹೇಳಿ, ಆ ಕಡೆಯೋರಿಗೆ ಇಷ್ಟು ದೂರ ಬರೋ ಕಷ್ಟ ತಪ್ಪಲಿ.